ಮೇನ್ ಇಳಿಸಿದ ರಾತ್ರಿ

ನಮ್ಮನೆ ಟಾರ್ಚಿಗೆ ಒಂದೇ ಮೊಳೆ,
ಕ್ಯಾಲೆಂಡರಿನ ಎಡಕ್ಕೆ, ಮಗಳ ಕೈಗೆಟುಕುವ ಎತ್ತರಕ್ಕೆ.
ಮಂಚದಡಿ ಉರುಳಿದ ಓಲೆಯ ತಿರುಪು ಹುಡುಕಲೂ
ಅದನ್ನು ಮುಟ್ಟುವಂತಿಲ್ಲ.
ಲೈನ್‌ಮನ್ ಶಿವಮಾದುವಿನ ಮನೆಯ ಕಾನೂನು ಅದು.
ಬೀದಿಬೀದಿಗೆ ಬೆಳಕು ಹತ್ತಿಸುವವನು
ತನ್ನ ಮನೆಯನ್ನು ಮಾತ್ರ
ಕತ್ತಲಿಗೆಂದೇ ಅಣಿಮಾಡಿ ಇಟ್ಟಿದ್ದಾನೆ.

ಮೇ ತಿಂಗಳ ಗಾಳಿ. ನಮ್ಮ ಗುತ್ತಲಿನ ಬೀದಿಯಲ್ಲಿ
ಮೊದಲು ತಗಡು ಬಡಿಯಿತು, ಆಮೇಲೆ ಹೊಂಗೆಯ ಕೊಂಬೆ ಮುರಿಯಿತು,
ಆಮೇಲೆ ಫ್ಯಾನು ಕೊನೆಯ ಸುತ್ತನ್ನು
ಸೋಮಾರಿಯಾಗಿ ಮುಗಿಸಿ ನಿಂತಿತು.
‘ಹೋಯ್ತು’ ಅಂದಿತು ಬೀದಿಗೆ ಬೀದಿಯೇ,
ಯಾರೋ ನೆಂಟರು ಹೊರಟುಹೋದ ಹಾಗೆ.

ಉಣ್ಣುತ್ತಿದ್ದವನು ಎದ್ದ.
ಬಸ್ಸಾರಿನಲ್ಲಿ ಅದ್ದಿದ ತುತ್ತು ಅಲ್ಲೇ ಉಳಿಯಿತು.
ಗ್ಲೌಸು, ಹಗ್ಗ, ಹೆಲ್ಮೆಟ್ಟು.
‘ತಂತಿ ಬಿದ್ದಿದ್ರೆ ಹತ್ರ ಹೋಗ್ಬೇಡ ಕಣವ್ವ,
ಸತ್ತಂಗೆ ಬಿದ್ದಿರ್ತದೆ, ಸತ್ತಿರಾಕಿಲ್ಲ.’
ಮಗಳಿಗೆ ಹೇಳಿದನೋ, ತನಗೋ.

ಟಿವಿ, ಮಿಕ್ಸಿ, ನನ್ನ ಹೊಲಿಗೆ ಮೋಟಾರು,
ಒಂದೊಂದೇ ಪ್ಲಗ್ಗು ಕಿತ್ತಳು ಇಂಚರ,
ಗೊಂಬೆಗಳಿಗೆ ಹೊದಿಸಿ ಮಲಗಿಸುವವಳಂತೆ.
ಮೇಣದಬತ್ತಿಯನ್ನು ಪರದೆಯಿಂದ ದೂರ, ಸ್ಟೀಲ್ ತಟ್ಟೆಯ ಮೇಲೆ ನಿಲ್ಲಿಸಿದೆ.
ಅತ್ತೆ ನಿಂಗಾಜಮ್ಮ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತರು:
‘ನನ್ನ ಸೂಜಿ ಔಸ್ದಿ ಒಳಗದೆ.
ಬಾಗ್ಲು ತಗ್ದು ತಂಪು ಕದ್ದೋರ ಕೈ ಮುರೀತೀನಿ.’

ಆಗ ಎರಡು ಮನೆಯಾಚೆ
ಡಗಡಗ ಶುರುವಾಯಿತು.
ಕೆಂಪೀರಯ್ಯನವರ ಹೊಸ ಜನರೇಟರು.
ಅವರ ಕಿಟಕಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು,
ಹಿತ್ತಲ ಬಚ್ಚಲಿನ ಬಲ್ಬು ಕೂಡ.
ಅದೇ ಗಳಿಗೆಗೆ ನಮ್ಮ ನಡುಮನೆಯ ಜೀರೋ ಬಲ್ಬು
ಕೆಂಪಗೆ, ಒಮ್ಮೆ, ಮಿಸುಕಿತು.

‘ಬಂತು! ಕರೆಂಟ್ ಬಂತು!’ ಮಗಳು ಚಪ್ಪಾಳೆ ತಟ್ಟಿದಳು.
ಅತ್ತೆ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ.
ಕಂಬ ಹತ್ತಿದವನು ಇನ್ನೂ ಇಳಿದಿಲ್ಲ,
ಮತ್ತೆ ಬಂದದ್ದು ಎಲ್ಲಿಂದ?

ಅವನ ಬಲಗೈಯ ಕಿರುಬೆರಳು
ಇಂಥದೇ ಒಂದು ರಾತ್ರಿ ಹೋಯಿತು.
ಯಾರದೋ ಮನೆಯ ಸಣ್ಣ ಬೆಳಕು
ಸಾಕೆಟ್ಟಿನಿಂದ ಮೀಟರಿಗೆ, ಮೀಟರಿನಿಂದ ತಂತಿಗೆ
ಹಿಂದುಹಿಂದಕ್ಕೆ ನಡೆದು
ಟ್ರಾನ್ಸ್‌ಫಾರ್ಮರಿನಲ್ಲಿ ದೈತ್ಯನಾಗಿ ಬೆಳೆದು
ಸತ್ತಿದೆ ಎಂದುಕೊಂಡ ಲೈನಿನಲ್ಲಿ ಕಾದು ಕೂತಿತ್ತು.

ಮೊಳೆಯಿಂದ ಟಾರ್ಚು ಕಿತ್ತೆ.
ಓಡಿದೆ, ಚಪ್ಪಲಿ ಯಾರದೋ, ಒಂದು ನನ್ನದಲ್ಲ.

ಬಾಗಿಲು ಮುಚ್ಚಿದ ಪಡಸಾಲೆಯಲ್ಲೇ ಇಟ್ಟಿದ್ದರು ಅದನ್ನು.
ಹೊಗೆ. ಪಕ್ಕದ ಕೋಣೆಯಲ್ಲಿ
ಮೊಮ್ಮಗ ನಿದ್ದೆಹೋಗಿದ್ದ, ಬಹಳ ಆಳಕ್ಕೆ.
‘ನನ್ ಮನೆ, ನನ್ ಪೆಟ್ರೋಲು’ ಎನ್ನುತ್ತಲೇ ಇದ್ದರು ಕೆಂಪೀರಯ್ಯ.
ನಾನು ವಾದಕ್ಕೆ ನಿಲ್ಲಲಿಲ್ಲ.
ಮೀಟರ್ ಬೋರ್ಡು ಎಲ್ಲಿದೆಯೆಂದು ಗೊತ್ತಿತ್ತು,
ಲೈನ್‌ಮನ್ ಹೆಂಡತಿಗೆ ಬೀದಿಯ ಎಲ್ಲ ಬೋರ್ಡೂ ಗೊತ್ತು.
ಮೇನ್ ಇಳಿಸಿದೆ. ಜನರೇಟರಿನ ಕೊರಳನ್ನೂ ತಿರುವಿದೆ.

ಎಂಥ ಒಳ್ಳೆಯ ಕತ್ತಲು ಅದು!
ಕಿಟಕಿ ತೆರೆದೆವು. ಕೂಸನ್ನು ಬೀದಿಯ ಗಾಳಿಗೆ ತಂದೆವು,
ಅದು ಕೆಮ್ಮಿ, ಸಿಟ್ಟಿನಿಂದ ಅತ್ತಿತು.
ಆ ಅಳುವಿಗೇ ಕೆಂಪೀರಯ್ಯ ಕುಸಿದು ಮೆಟ್ಟಿಲ ಮೇಲೆ ಕೂತರು.
ದೂರದ ಕಂಬದ ತುದಿಯಲ್ಲಿ
ಹೆಲ್ಮೆಟ್ಟಿನ ದೀಪವೊಂದು ಅತ್ತಿತ್ತ ಆಡುತ್ತಿತ್ತು.
ಆಡುತ್ತಲೇ ಇತ್ತು. ಅಷ್ಟು ಸಾಕಿತ್ತು.

ಮೂರು ಗಂಟೆಗೆ ಬಂದ.
ಫ್ಯಾನು ತಿರುಗುತ್ತಿತ್ತು, ಅತ್ತೆ ಫ್ರಿಜ್ಜಿಗೆ ಒರಗಿಯೇ ಗೊರಕೆ.
ಗ್ಲೌಸು ಬಿಚ್ಚುತ್ತ ಗೋಡೆ ನೋಡಿದ. ಮೊಳೆ ಖಾಲಿ.
‘ಟಾರ್ಚೆಲ್ಲಿ?’
‘ಕೆಂಪೀರಯ್ಯನವರ ಮೀಟರ್ ಬೋರ್ಡಿನ ಮೇಲೆ’ ಅಂದೆ.
ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.
ಆಮೇಲೆ ಕೂತ. ಮುಚ್ಚಿಟ್ಟ ತಟ್ಟೆ ತೆರೆದು
ತಣ್ಣಗಾದ ಮುದ್ದೆಯನ್ನು
ನಾಲ್ಕು ಬೆರಳಲ್ಲಿ ಮುರಿದು ಉಂಡ.